ಶುಗರ್ ಇಳಿದದ್ದು ಆಲೆಮನೆಯಲ್ಲಿ

ನರ್ಸ್ ಕೆಲಸ ಎಂದರೆ ಸೂಜಿ ಚುಚ್ಚುವುದು, ಗಾಯ ಕಟ್ಟುವುದು, ಡಾಕ್ಟರ ಹಿಂದೆ ಓಡಾಡುವುದು ಎಂದುಕೊಂಡು ಬರುವ ಹುಡುಗಿಯರೇ, ಸ್ವಲ್ಪ ಕೂತು ಕೇಳಿ. ಅದೆಲ್ಲ ಒಂದೆರಡು ವರ್ಷದಲ್ಲಿ ತಾನಾಗಿಯೇ ಕೈಗೆ ಬರುತ್ತದೆ. ಬೇಗ ಬರದೇ ಇರುವುದು ಬಾಯಿ. ಡಾಕ್ಟರು ಒಂದು ಕಾಯಿಲೆಯ ಹೆಸರು ಹೇಳಿ ಪಕ್ಕದ ಹಾಸಿಗೆಗೆ ಹೋಗಿಬಿಡುತ್ತಾರೆ. ಆ ಹೆಸರು ಹಿಡಿದುಕೊಂಡು ರೋಗಿಯ ಹೆಂಡತಿಯೋ ಅಮ್ಮನೋ ನಿಮ್ಮ ಹತ್ತಿರ ಬಂದು, "ಅಂಗಂದ್ರೆ ಏನವ್ವಾ?" ಎಂದು ಕೇಳುತ್ತಾರೆ. ನೀವು ಆಗ ಏನು ಹೇಳುತ್ತೀರೋ ಅದೇ ಅವರ ಮನೆಯಲ್ಲಿ ಕಾನೂನು. ಅರ್ಧ ಹೇಳಿದರೆ ಅರ್ಧವೇ ಕಾನೂನು.

ನಾನು ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ನಾಲ್ಕೂ ತಾಲ್ಲೂಕಿನ ನೀರು ಕುಡಿದು ನಿವೃತ್ತಳಾದವಳು. ಬಡ್ತಿ, ಸನ್ಮಾನ, ಶಾಲು ಹೊದಿಸಿದ ಫೋಟೋ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಅದನ್ನು ಕೇಳಿ ನಿಮಗೆ ಆಗಬೇಕಾದ್ದೇನೂ ಇಲ್ಲ. ಹೇಳಬೇಕಾದದ್ದು ಬೋರೇಗೌಡರ ವಿಷಯ. ಕೊಪ್ಪರಿಗೆ ತುಂಬ ಬೆಲ್ಲ ಕುದಿಯುತ್ತಿದ್ದ ಆಲೆಮನೆಯಲ್ಲಿ, ಒಂದು ಉಂಡೆ ಬೆಲ್ಲ ಬಾಯಿಗೆ ಬೀಳದೆ ಆ ಮನುಷ್ಯ ಬಿದ್ದುಹೋದರು.

ಅಲ್ಲಿಗೆ ಹೋಗುವ ಮುಂಚೆ, ಜನ ಎಂಥೆಂಥದ್ದು ಮಾಡುತ್ತಾರೆ ಎನ್ನುವುದು ನಿಮಗೆ ಗೊತ್ತಿರಲಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾಗಮಂಗಲದ ಕಡೆಯ ಹಳ್ಳಿಯಿಂದ ಒಬ್ಬರನ್ನು ಕರೆತಂದರು. ಮೈಯ ಬಲಗಡೆಯೆಲ್ಲ ರಕ್ತ. ಅಪಘಾತ ಎಂದುಕೊಂಡು ಹತ್ತಿ, ಬ್ಯಾಂಡೇಜು ಎಲ್ಲ ಹಿಡಿದುಕೊಂಡು ಓಡಿದೆ. ಒರೆಸಿ ನೋಡಿದರೆ ಚರ್ಮದ ಮೇಲೆ ಒಂದು ಗೀರೂ ಇಲ್ಲ! ಪಾರಿವಾಳದ ರಕ್ತವಂತೆ. ಲಕ್ವ ಹೊಡೆದಿದೆ ಎಂದು ಬಿಸಿ ಬಿಸಿಯಾಗಿ ಸವರಿಸಿಕೊಂಡು, ಅದು ಒಣಗಲಿ ಎಂದು ಕಾದು ಆಮೇಲೆ ಬಂದಿದ್ದರು. ಲಕ್ವ ಎಂದರೆ ಕೈಕಾಲಿನ ಕಾಯಿಲೆ ಎಂದು ಅವರ ಲೆಕ್ಕ. ಅದು ತಲೆಯ ಕಾಯಿಲೆ. ಮಿದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ಕೈ ಬೀಳುವುದು, ಬಾಯಿ ಸೊಟ್ಟಗಾಗುವುದು ಆಮೇಲಿನ ಮಾತು. ಹೊತ್ತು ಕಳೆದಷ್ಟೂ ಮಿದುಳು ಸಾಯುತ್ತಾ ಹೋಗುತ್ತದೆ. ಕಂಡ ತಕ್ಷಣ ಸ್ಕ್ಯಾನಿಂಗ್ ಇರುವ ದೊಡ್ಡ ಆಸ್ಪತ್ರೆಗೆ ಓಡಬೇಕು. ಅದನ್ನು ಹೇಳಿದರೆ ಅವರ ಅಣ್ಣ ನನಗೇ ದಬಾಯಿಸಿದ: "ಪಾರಿವಾಳ ಸಿಗ್ದೇ ಅಲ್ದಾಡ್ಬುಟ್ಟು ತಂದಿದ್ದೀವಿ, ಸುಮ್ಕೆ ಒರೆಸಾಕ್ಬುಟ್ಯಲ್ಲ!"

ಕಿರಂಗೂರಿನ ಒಂದು ಮದುವೆ ಮನೆಯಲ್ಲಿ ಫಿಟ್ಸ್ ಬಂದ ಹುಡುಗಿಯ ಹಲ್ಲಿನ ನಡುವೆ ಬೀಗದ ಕೈ ತುರುಕಿ ಮುಂದಿನ ಎರಡು ಹಲ್ಲು ಮುರಿದಿದ್ದರು. ಫಿಟ್ಸ್ ಎಂದರೆ ಮಿದುಳಿನೊಳಗೆ ಕರೆಂಟು ಒಮ್ಮೆಲೇ ಏರುಪೇರಾಗುವುದು. ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ಹಾಕದೆ ಬಿಟ್ಟರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಆಸ್ಪತ್ರೆ. ಅಷ್ಟೇ ವಿಷಯ. ಆದರೆ ಕಬ್ಬಿಣ ಹಿಡಿಯದೆ ನಮ್ಮವರಿಗೆ ಸಮಾಧಾನವಿಲ್ಲ.

ಮಾಕವಳ್ಳಿಯ ಒಬ್ಬ ಅತ್ತೆ ತನ್ನ ಬಿ.ಪಿ. ಮಾತ್ರೆಯನ್ನು ಸೊಸೆಗೂ ದಿನಾ ಒಂದೊಂದು ಕೊಡುತ್ತಿದ್ದಳು. ಸೊಸೆಗೆ ಇದ್ದದ್ದು ರಕ್ತಹೀನತೆ, ಅಂದರೆ ರಕ್ತದಲ್ಲಿ ಕಬ್ಬಿಣದ ಅಂಶ ಸಾಲದೆ ಬರುವ ಸುಸ್ತು. ಮೊದಲೇ ಎದ್ದರೆ ತಲೆ ತಿರುಗುವ ಹುಡುಗಿ, ಬಿ.ಪಿ. ಇಳಿಸುವ ಮಾತ್ರೆ ನುಂಗಿ ದನದ ಕೊಟ್ಟಿಗೆಯಲ್ಲಿ ಬಿದ್ದು ತಲೆ ಒಡೆದುಕೊಂಡಿದ್ದಳು. "ಒಂದೇ ಮನೇಲಿ ಇದ್ಕಂಡು ನಾನೊಬ್ಳೇ ಮಾತ್ರೆ ನುಂಗ್ಲಾ? ನನ್ಗೆ ಒಗ್ಗೈತೆ, ಅವ್ಳ್ಗೂ ಒಗ್ಗುತ್ತೆ ಅಂತ ಕೊಟ್ಟೆ," ಎಂದಳು ಅತ್ತೆ. ಪ್ರೀತಿಯಿಂದಲೇ ಕೊಟ್ಟಿದ್ದಳು!

ಇಂಥವನ್ನು ನೋಡಿ ನೋಡಿ, ತಪ್ಪು ಮಾಡುವವರು ಎಂದರೆ ಆಸ್ಪತ್ರೆಯ ಮಾತು ಕೇಳದವರು ಎಂದು ತೀರ್ಮಾನ ಮಾಡಿಕೊಂಡಿದ್ದೆ. ಆ ತೀರ್ಮಾನ ಮುರಿದದ್ದು ಚಂದ್ರಮ್ಮನಿಂದ.

ನಿವೃತ್ತಿಗೆ ಇನ್ನು ಕೆಲವೇ ವರ್ಷ ಇತ್ತು. ಯಾವ ಊರಿನ ಆಸ್ಪತ್ರೆ ಎಂದು ಹೇಳುವುದಿಲ್ಲ, ಆ ಕುಟುಂಬದವರು ಇಲ್ಲೇ ನಮ್ಮ ನಡುವೆ ಇದ್ದಾರೆ. ಬೋರೇಗೌಡರು ಕಬ್ಬು ಬೆಳೆಯುವವರು. ಫ್ಯಾಕ್ಟರಿಗೆ ಸ್ವಲ್ಪ ಕಳಿಸಿ ಮಿಕ್ಕಿದ್ದನ್ನು ತಮ್ಮದೇ ಆಲೆಮನೆಯಲ್ಲಿ ಅರೆದು ಬೆಲ್ಲ ಮಾಡುತ್ತಿದ್ದರು. ಸಕ್ಕರೆ ಕಾಯಿಲೆ ಬಹಳ ದಿನದಿಂದ ಇತ್ತು. ಹೆಬ್ಬೆರಳಿನ ಗಾಯ ಮಾಯದೆ ಕೊಳೆಯಲು ಶುರುವಾದಾಗ ಅವರ ಹೆಂಡತಿ ಚಂದ್ರಮ್ಮ ಎಳೆದುಕೊಂಡು ಬಂದಳು. ಮಾತ್ರೆ ಸಾಲದು, ದಿನಾ ಇನ್ಸುಲಿನ್ ಇಂಜೆಕ್ಷನ್ ಬೇಕು ಎಂದಾಯಿತು.

ನಮ್ಮ ಡಾಕ್ಟರು ಒಳ್ಳೆಯವರು, ಆದರೆ ಗುಡುಗುವ ಆಸಾಮಿ. ಕ್ಯೂ ಗೇಟಿನವರೆಗೂ ಇರುತ್ತಿತ್ತು. ಒಬ್ಬೊಬ್ಬರಿಗೆ ಎರಡೇ ಮಾತು. ಬೋರೇಗೌಡರಿಗೂ ಹಾಗೇ ಹೇಳಿದರು: "ಶುಗರ್ ಅಂದ್ರೆ ವಿಷ ಗೌಡ್ರೇ. ಸಿಹಿ ಮುಟ್ಟಿದ್ರೆ ಕಾಲು ತೆಗೀಬೇಕಾಗುತ್ತೆ. ಇಂಜೆಕ್ಷನ್ ಒಂದು ದಿನ ತಪ್ಪಿಸಿದ್ರೂ ನನ್ನ ಹತ್ರ ಬರಬೇಡಿ."

ಗೌಡರು ನಕ್ಕರು. ಚಂದ್ರಮ್ಮ ನಗಲಿಲ್ಲ. ಹೊರಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಸಿಸ್ಟ್ರವ್ವ, ಕಾಲು ಉಳೀತದಾ?" ಎಂದಳು. ಇಂಜೆಕ್ಷನ್ ಚುಚ್ಚುವುದನ್ನು ನಾನೇ ಕಲಿಸಿದೆ. ಚುಚ್ಚಿದ ಮೇಲೆ ಊಟ ಮಾಡಿಸಬೇಕು ಎಂದೂ ಹೇಳಿದೆ. ಯಾಕೆ ಎಂದು ಅವಳು ಕೇಳಲಿಲ್ಲ, ಹಿಂದೆ ಇನ್ನೂ ಮೂವರು ನಿಂತಿದ್ದರು.

ಆಮೇಲೆ ಆ ಹೆಂಗಸು ಮಾಡಿದ ಕಾವಲು ನೋಡಬೇಕಿತ್ತು! ಆಲೆಮನೆಯ ಯಜಮಾನನಿಗೆ ಬೆಲ್ಲದ ಒಂದು ಚೂರು ಸಿಗದ ಹಾಗೆ ಮಾಡಿಬಿಟ್ಟಳು. ಕೆಲಸದವರಿಗೆಲ್ಲ ತಾಕೀತು. ತಾನೂ ಸಿಹಿ ಬಿಟ್ಟಳು. ತಿಂಗಳಿಗೊಮ್ಮೆ ಬಂದಾಗ, "ಇವ್ರು ಬೆರಳ್ಗೆ ಪಾಕ ಅಂಟುಸ್ಕಂಡು ನೆಕ್ತಿದ್ರು, ಇಡ್ಕಂಡೆ ಕಣವ್ವ," ಎಂದು ಗಂಡನ ಮುಂದೆಯೇ ಚಾಡಿ ಹೇಳುತ್ತಿದ್ದಳು. ಗೌಡರು, "ಪೊಲೀಸ್ನೋರೇ ವಾಸಿ ಸಿಸ್ಟ್ರೇ, ಒಂದೆರ್ಡು ದಿನಕ್ಕೆ ಬುಟ್ಬುಡ್ತಾರೆ," ಎನ್ನುತ್ತಿದ್ದರು. ಗಾಯ ಮಾಯಿತು, ಕಾಲು ಉಳಿಯಿತು. ಡಾಕ್ಟರು ಕ್ಯೂನಲ್ಲಿದ್ದವರಿಗೆಲ್ಲ ಚಂದ್ರಮ್ಮನನ್ನು ತೋರಿಸಿ, "ಹೆಂಡತಿ ಅಂದ್ರೆ ಹಿಂಗಿರಬೇಕು ನೋಡ್ರಿ," ಎಂದು ಹೊಗಳಿದರು. ಅವಳ ಮುಖ ಊರಗಲ ಆಗಿತ್ತು.

ಗೌಡರ ತಮ್ಮ ಸಿದ್ದರಾಜುವಿಗೂ ಅದೇ ವರ್ಷ ಇನ್ಸುಲಿನ್ ಶುರುವಾಯಿತು. ಅವನನ್ನೂ ಕರೆತಂದವಳು ಅತ್ತಿಗೆಯೇ.

ಈಗ ಇಲ್ಲಿ ಒಂದು ಮಾತು. ನಾವು ಕಲಿತ ಕಾಲದಲ್ಲಿ ಸಕ್ಕರೆ ನೋಡುತ್ತಿದ್ದುದು ಮೂತ್ರದಲ್ಲಿ. ನೀಲಿ ದ್ರಾವಣಕ್ಕೆ ಕೆಲವು ಹನಿ ಬಿಟ್ಟು ಕುದಿಸುವುದು. ಸಕ್ಕರೆ ಇದ್ದರೆ ಹಸಿರು, ಹಳದಿ, ಬಹಳ ಇದ್ದರೆ ಇಟ್ಟಿಗೆ ಕೆಂಪು. ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ನೀಲಿ ಕಂಡರೆ ನಮಗೆ ಖುಷಿ. ರಕ್ತದಲ್ಲಿ ಸಕ್ಕರೆ ಸರಿಯಾಗಿದ್ದರೂ ನೀಲಿಯೇ, ಪಾತಾಳಕ್ಕೆ ಇಳಿದಿದ್ದರೂ ನೀಲಿಯೇ! ಹೆಚ್ಚಾದದ್ದು ಮಾತ್ರ ಆ ಗಾಜಿನ ಕೊಳವೆಯಲ್ಲಿ ಕಾಣುತ್ತಿತ್ತು. ಆಮೇಲೆ ಬೆರಳು ಚುಚ್ಚಿ ನೋಡುವ ಮೆಷಿನ್ನು ಬಂತು. ಅದು ಮೇಲೂ ತೋರಿಸುತ್ತದೆ, ಕೆಳಗೂ ತೋರಿಸುತ್ತದೆ. ಆದರೆ ಮೆಷಿನ್ನು ಬದಲಾದಷ್ಟು ಬೇಗ ಆಸ್ಪತ್ರೆಯವರ ಬಾಯಿ ಬದಲಾಗಲಿಲ್ಲ. ಗೋಡೆಯ ಮೇಲಿನ ಬೋರ್ಡಿನಲ್ಲೂ ಲಾಡು, ಜಿಲೇಬಿಗೆ ಕೆಂಪು ಗೀಟು ಎಳೆದಿತ್ತೇ ಹೊರತು, ಸಕ್ಕರೆ ಇಳಿದರೆ ಏನು ಎಂದು ಒಂದಕ್ಷರ ಇರಲಿಲ್ಲ.

ಆ ವರ್ಷ ಗೌಡರ ಆಲೆ ಶುರುವಾದ ದಿನ. ಅವರ ಮನೆಯ ಪದ್ಧತಿ ಏನೆಂದರೆ, ಒಲೆಗೆ ಬೆಂಕಿ ಇಟ್ಟಲ್ಲಿಂದ ಮೊದಲ ಅಚ್ಚು ಬೆಲ್ಲ ದೇವರ ಮುಂದೆ ಇಡುವವರೆಗೂ ಯಜಮಾನ ಉಪವಾಸ. ಬೆಳಿಗ್ಗೆ ಚಂದ್ರಮ್ಮ ಎಂದಿನಂತೆ ಇಂಜೆಕ್ಷನ್ ಚುಚ್ಚಿದಳು, ಒಂದು ದಿನವೂ ತಪ್ಪಿಸಬಾರದಲ್ಲ! ಗೌಡರು ಸ್ನಾನ ಮಾಡಿ ಖಾಲಿ ಹೊಟ್ಟೆಯಲ್ಲಿ ಆಲೆಮನೆಗೆ ಹೋದರು. ಗಾಣದ ಬೆಲ್ಟು ಕಿತ್ತುಹೋಗಿ ಕೆಲಸ ತಡವಾಯಿತು. ಕಬ್ಬಿನ ಹಾಲು ಕುದಿದು, ಪಾಕ ಬಂದು, ಅಚ್ಚಿಗೆ ಸುರಿಯುವ ಹೊತ್ತಿಗೆ ಮಧ್ಯಾಹ್ನ ಮೀರಿತ್ತು.

ಅವರನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಬಂದಾಗ ಸಂಜೆ. ಮೈಯೆಲ್ಲ ಬೆವರು, ಅಂಗಿ ಹಿಂಡಿದರೆ ನೀರು ಬರುವಷ್ಟು. ಗೊರ ಗೊರ ಗೊರಕೆ. ಕರೆದರೆ ಓ ಎನ್ನುವುದಿಲ್ಲ. ಸಿದ್ದರಾಜು ಮುಖ ಗಂಟಿಕ್ಕಿಕೊಂಡಿದ್ದ.

"ಏನಾಯ್ತು?" ಎಂದೆ.

"ಪೂಜೆ ದಿನಾನೇ ಕುಡ್ಕಬಂದವ್ನೆ ನಮ್ಮಣ್ಣ. ತೊದುಲ್ತಿದ್ದ, ಕೂಲಿಯೋರ್ಗೆಲ್ಲ ಬೈತಿದ್ದ, ಕೈ ನಡುಗ್ತಿತ್ತು. ಮಲ್ಗುದ್ರೆ ಅಮಲು ಇಳೀತದೆ ಅಂತ ಬುಟ್ವು. ಏಳ್ನೇ ಇಲ್ಲ."

"ವಾಸನೆ ಬಂತಾ?"

"ಬರ್ನಿಲ್ಲ."

ಬೆರಳು ಚುಚ್ಚಿ ಮೆಷಿನ್ನಿಗೆ ಇಟ್ಟೆ. ಅಂಕಿಯೇ ಬರಲಿಲ್ಲ. ಅಳೆಯಲಾಗದಷ್ಟು ಕಡಿಮೆ ಎನ್ನುವ ಗುರುತು ಬಂತು. ಡಾಕ್ಟರನ್ನು ಕೂಗಿದೆ. ಅವರು ಓಡಿಬಂದು ನೋಡಿದವರೇ ಗ್ಲೂಕೋಸ್ ಹಾಕು ಎಂದರು. ನಾನು ನರ ಹುಡುಕುತ್ತಿದ್ದಾಗ ಚಂದ್ರಮ್ಮ ನನ್ನ ಪಕ್ಕಕ್ಕೆ ಬಂದಳು. ಗಾಬರಿಯಿದ್ದರೂ ದನಿಯಲ್ಲಿ ಒಂದು ಹೆಮ್ಮೆ ಇತ್ತು.

"ಸಿಸ್ಟ್ರವ್ವ, ನಾನೇನೂ ತಪ್ಸಿಲ್ಲ. ಇಂಜೆಕ್ಸನ್ ಕೊಟ್ಟಿದ್ದೀನಿ. ಮದ್ಯಾನ ಬಿಸಿ ಬೆಲ್ಲಕ್ಕೆ ಕೈ ಹಾಕ್ಬುಟ್ರು. ಬಾಯ್ ತಕ ತಗಂಡೋಗಿದ್ರು. ನಾನ್ ಬುಡ್ತೀನಾ? ಕೈಗೊಂದು ಕೊಟ್ಟು ಕಿತ್ಕಂಡೆ."

ಶಿವನೇ! ನನ್ನ ಕೈಯಲ್ಲಿದ್ದ ಸೂಜಿ ನಿಂತುಹೋಯಿತು. ಆ ಮನುಷ್ಯನ ದೇಹ ತನಗೆ ಏನು ಬೇಕೋ ಅದನ್ನೇ ಹುಡುಕಿಕೊಂಡು ಹೋಗಿತ್ತು. ಬಾಯಿಯ ತನಕ ತಲುಪಿತ್ತು. ಇವಳು ಅವರ ಕಾಲು ಉಳಿಸಲು ಅದನ್ನು ಕಿತ್ತುಕೊಂಡಿದ್ದಳು. ಡಾಕ್ಟರಿಗೂ ಆ ಮಾತು ಕೇಳಿಸಿತ್ತು. ಅವರು ಅವಳ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಸೂಜಿ ಚುಚ್ಚಿ ಬಾಟಲಿ ನೇತುಹಾಕಿದೆ.

ಆಗ ಸಿದ್ದರಾಜು ಬಾಟಲಿಯ ಮೇಲಿನ ಹೆಸರು ಓದಿದ.

"ಏಯ್! ಸುಗರ್ ಪೇಶಂಟಿಗೆ ಗ್ಲೂಕೋಸು ಏರುಸ್ತಾವ್ರೆ ಕಣತ್ಗೆ! ಸಾಯ್ಸಾಕೆ ನಿಂತವ್ರೆ!" ಎಂದವನೇ ಒಂದೇ ಏಟಿಗೆ ಪೈಪು ಎಳೆದುಬಿಟ್ಟ. ಸೂಜಿ ಕಿತ್ತು ಬಂತು, ರಕ್ತ ಹಾಸಿಗೆಗೆ ಹರಿಯಿತು. ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ವಿಡಿಯೋ ಮಾಡಲು ನಿಂತ. ಡಾಕ್ಟರು ಗುಡುಗಿದರು. ಅವನು ಅವರಿಗಿಂತ ಜೋರಾಗಿ ಗುಡುಗಿದ. ಹೊರಗಿದ್ದವರೆಲ್ಲ ಬಾಗಿಲಿಗೆ ಬಂದರು.

ನನ್ನ ಸರ್ವಿಸ್ಸಿನಲ್ಲಿ ಎಷ್ಟೋ ಕಾಯಿಲೆಗೆ ಅರ್ಥ ಹೇಳಿದ್ದೇನೆ. ಅಷ್ಟು ಅವಸರದಲ್ಲಿ ಹೇಳಿದ್ದು ಅದೊಂದೇ. ಸಿದ್ದರಾಜುವನ್ನು ಬಿಟ್ಟು ಚಂದ್ರಮ್ಮನ ಎರಡೂ ಭುಜ ಹಿಡಿದುಕೊಂಡೆ.

"ಚಂದ್ರವ್ವ, ಇಲ್ಲಿ ನೋಡು. ಒಲೆಗೆ ಕಬ್ಬಿನ ಸಿಪ್ಪೆ ಜಾಸ್ತಿ ತುಂಬಿದ್ರೆ ಬೆಲ್ಲ ಸೀದುಹೋಗುತ್ತೆ, ಹೌದಾ? ತುಂಬದೇ ಇದ್ರೆ ಒಲೆ ಆರಿಹೋಗುತ್ತೆ. ಮೈಗೆ ಸಕ್ಕರೆ ಅಂದ್ರೆ ಆ ಸಿಪ್ಪೆ ಕಣವ್ವ. ಇಂಜೆಕ್ಷನ್ ಇದ್ದಬದ್ದದ್ದನ್ನೆಲ್ಲ ಉರಿಸಿಬಿಡ್ತು, ಹೊಟ್ಟೆಗೆ ಏನೂ ಬೀಳ್ಲಿಲ್ಲ. ಇವರ ಒಲೆ ಆರ್ತಾ ಇದೆ. ನನಗೆ ಹಾಕೋಕೆ ಬಿಡು."

ಅವಳು ನನ್ನನ್ನೇ ನೋಡಿದಳು. ಏನು ಅರ್ಥವಾಯಿತೋ ಗೊತ್ತಿಲ್ಲ. "ಹಾಕವ್ವ," ಎಂದಳು. ಮೈದುನನ ಮುಂದೆ ಅಡ್ಡ ನಿಂತಳು.

ಇನ್ನೊಂದು ಕೈಗೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಮೆಷಿನ್ನಿನಲ್ಲಿ ಅಂಕಿ ಏರಿತು. ಆದರೆ ಗೌಡರು ಕಣ್ಣು ಬಿಡಲಿಲ್ಲ. ಮಿದುಳು ಮಧ್ಯಾಹ್ನದಿಂದ ಸಕ್ಕರೆ ಇಲ್ಲದೆ ಇತ್ತು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದೆವು. ಎಚ್ಚರವಾಗದೆ ಅಲ್ಲೇ ತೀರಿಕೊಂಡರು.

ಆ ಸುದ್ದಿ ಬಂದ ದಿನ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಎರಡೇ ಮಾತು ಹೇಳಿದ್ದೆ, ಎರಡನ್ನೂ ಪಾಲಿಸಿದಳಲ್ಲ ಸಿಸ್ಟರ್," ಎಂದರು. ಗುಡುಗುವ ಮನುಷ್ಯನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅವತ್ತೇ ಕೇಳಿದ್ದು. ಮಾರನೆಯ ದಿನದಿಂದ ಅವರ ಕ್ರಮ ಬೇರೆಯಾಯಿತು. ಇನ್ಸುಲಿನ್ ಇರುವ ಒಬ್ಬೊಬ್ಬರನ್ನೂ ನಿಲ್ಲಿಸಿ, "ಬೆವರು ಬಂದು, ಕೈ ನಡುಗಿ, ತೊದಲಿದ್ರೆ ಏನ್ಮಾಡ್ತೀಯಾ? ನೀನು ಹೇಳು, ನಾನು ಕೇಳ್ತೀನಿ," ಎಂದು ಅವರ ಬಾಯಲ್ಲೇ ಹೇಳಿಸುತ್ತಿದ್ದರು. ಎಚ್ಚರವಿದ್ದರೆ ತಕ್ಷಣ ಸಕ್ಕರೆಯೋ ಬೆಲ್ಲವೋ, ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆ. ಇಷ್ಟು ಹೇಳಿಸದೆ ಕಳಿಸುತ್ತಿರಲಿಲ್ಲ. ಕ್ಯೂ ರಸ್ತೆಯವರೆಗೆ ಬೆಳೆದರೂ ಬಿಡಲಿಲ್ಲ.

ಇತ್ತ ಊರಿನಲ್ಲಿ ಬೇರೆಯೇ ನಡೆದಿತ್ತು. ಸಿದ್ದರಾಜುವಿನ ವಿಡಿಯೋ ಎಲ್ಲರ ಮೊಬೈಲಿಗೂ ಹೋಗಿತ್ತು. ಸಕ್ಕರೆ ಕಾಯಿಲೆಯವನಿಗೆ ಗ್ಲೂಕೋಸ್ ಏರಿಸಿ ಕೊಂದರು ಎಂದು. ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಎದ್ದುಹೋದರು. ಅದು ನನಗೆ ಉರಿದರೂ ಸಹಿಸಿಕೊಂಡೆ. ಭಯವಾಗುತ್ತಿದ್ದುದು ಬೇರೆಯದಕ್ಕೆ. ಅದನ್ನು ನಂಬಿದ ಮನೆಗಳಲ್ಲಿ ಇನ್ನು ಯಾರಿಗಾದರೂ ಸಕ್ಕರೆ ಇಳಿದರೆ ಒಂದು ಚಮಚ ಸಕ್ಕರೆಯನ್ನೂ ಕೊಡುವುದಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವನು ಸಿದ್ದರಾಜು. ಅವನು ದಿನಾ ಅದೇ ಇಂಜೆಕ್ಷನ್ ತೆಗೆದುಕೊಳ್ಳುವವನು. ಅಣ್ಣ ಹೋದ ಮೇಲೆ ಆಲೆಮನೆಯ ಯಜಮಾನನೂ ಅವನೇ, ಮುಂದಿನ ಉಪವಾಸವೂ ಅವನದೇ.

ತಿಥಿ ಮುಗಿದ ವಾರ ಚಂದ್ರಮ್ಮ ಆಸ್ಪತ್ರೆಗೆ ಬಂದಳು. ಹಿಂದೆ ಸಿದ್ದರಾಜು. ಶುಗರ್ ಪರೀಕ್ಷೆಗೆ ಎಂದು ಬಲವಂತವಾಗಿ ಕರೆತಂದಿದ್ದಳು. ಅವನು ನನ್ನ ಮುಖ ನೋಡದೆ ಗೋಡೆ ನೋಡುತ್ತಾ ನಿಂತ. ಅವಳ ಹಣೆ ಬರಿದಾಗಿತ್ತು. ಬೆಂಚಿನ ಮೇಲೆ ಕೂರಲಿಲ್ಲ. ಕ್ಯೂನಲ್ಲಿ ಅವರ ಊರಿನವರೇ ನಾಲ್ಕೈದು ಜನ ಇದ್ದರು. ಅಷ್ಟೂ ಜನರ ಮುಂದೆ ಜೋರಾಗಿಯೇ ಕೇಳಿದಳು.

"ಸಿಸ್ಟ್ರವ್ವ, ಒಂದ್ ಮಾತು. ಅವತ್ತು ನಾನು ಆ ಬೆಲ್ಲ ಕಿತ್ಕಳ್ದೆ ಇದ್ದಿದ್ರೆ ಅವ್ರು ಬದುಕ್ತಿದ್ರಾ?"

ಇಲ್ಲ ಕಣವ್ವ, ಅವರ ಆಯಸ್ಸು ಅಷ್ಟೇ ಇತ್ತು ಎಂದುಬಿಡೋಣ ಎಂದು ನಾಲಗೆಯ ತುದಿಗೆ ಬಂದಿತ್ತು. ಯಾರಾದರೂ ಹಾಗೇ ಹೇಳುತ್ತಿದ್ದರು. ಗಂಡನ ಕಾಲು ಉಳಿಸಿಕೊಂಡ ಹೆಂಗಸಿಗೆ, ಗಂಡನನ್ನು ಕಳೆದದ್ದೂ ನೀನೇ ಎಂದು ಹೇಗೆ ಹೇಳುವುದು? ಪಕ್ಕದಲ್ಲಿ ಸಿದ್ದರಾಜು ಗೋಡೆ ಬಿಟ್ಟು ನನ್ನ ಕಡೆ ತಿರುಗಿದ್ದ. ನಾನು ಸುಳ್ಳು ಹೇಳಿದರೆ ಅವನ ವಿಡಿಯೋ ನಿಜವಾಗುತ್ತದೆ. ನಿಜವಾದರೆ ಅವನೂ ಹೀಗೇ ಸಾಯುತ್ತಾನೆ.

"ಬದುಕ್ತಿದ್ರು ಕಣವ್ವ," ಎಂದೆ. "ಆಗ ಎಚ್ಚರ ಇತ್ತು. ತಿಂದಿದ್ರೆ ಎದ್ದು ಕೂತ್ಕೋತಿದ್ರು."

ಹೇಳಿ ಮುಗಿಸುವಷ್ಟರಲ್ಲಿ ನನಗೇ ಅಳು ಬಂದುಬಿಟ್ಟಿತು. ಅವಳು ಕುಸಿಯುತ್ತಾಳೆ, ಹಿಡಿದುಕೊಳ್ಳೋಣ ಎಂದು ಕೈ ಮುಂದೆ ಮಾಡಿದೆ. ಅವಳು ಕುಸಿಯಲಿಲ್ಲ. ನನ್ನ ಕೈ ಸರಿಸಿ ಮೈದುನನ ಕಡೆ ತಿರುಗಿದಳು.

"ಕೇಳುಸ್ಕಂಡ್ಯೇನಪ್ಪ ಸಿದ್ದರಾಜ? ನಂಗೆ ಅವತ್ತೇ ಗೊತ್ತಾಗೋಯ್ತು, ಈವಮ್ಮ ಒಲೆ ಇಸ್ಯ ಹೇಳಿದ್ಲಲ್ಲ, ಅವಾಗ್ಲೇ. ನೀನ್ ನಂಬ್ಲಿಲ್ಲ, ಅದ್ಕೇ ಇಲ್ಗಂಟ ಕರ್ಕಬಂದೆ. ನಿಮ್ಮಣ್ಣ ಬಾಟ್ಲಿಯಿಂದ ಸತ್ತಿಲ್ಲ ಕಣಪ್ಪ, ನನ್ ಕೈಯಿಂದ ಸತ್ತವ್ರೆ. ನಾಳೆ ನಿನ್ ಹೆಂಡ್ತಿ ಕಿತ್ಕಳಾಕೆ ಬಂದ್ರೆ ಕೊಡ್ಬ್ಯಾಡ. ಹೊಡುದ್ರೂ ಕೊಡ್ಬ್ಯಾಡ. ತಿಂದ್ಬುಡು."